ಮಷಿನ್ ಹಳೇದಾದ್ರೂ ಬೆಲ್ಟ್ ಸಿಗ್ತದೆ: ಅಂಗಡಿಗೆ ಹೋಗೋ ಮುಂಚೆ ಏನು ಅಳೆಯಬೇಕು?

ಕಾರವಾರ/ಅಂಕೋಲಾ: ಅಕ್ಕಿ ಗಿರಣಿ ನಿಂತಿದೆ. ಭತ್ತದ ಚೀಲ ತಂದವರು ವಾಪಸ್ ಹೋಗ್ತಿದ್ದಾರೆ. ಮೋಟಾರು ಸುಟ್ಟಿಲ್ಲ, ಶಾಫ್ಟ್ ಮುರಿದಿಲ್ಲ, ಕರೆಂಟೂ ಇದೆ. ಒಂದು ಪಟ್ಟಾ ಹರಿದಿದೆ, ಅಷ್ಟೇ.

ಗಿರಣಿಯವರು ಪೇಟೆಗೆ ಹೋಗಿ "ಮೂವತ್ತು ವರ್ಷದ ಹಿಂದಿನ ಹಲ್ಲರ್, ಅದರ ಬೆಲ್ಟ್ ಕೊಡಿ" ಅಂತಾರೆ. ಅಂಗಡಿಯವರು "ಯಾವ ಕಂಪನಿ ಮಷಿನ್?" ಅಂತ ಕೇಳ್ತಾರೆ. ಹೆಸರಿನ ಪ್ಲೇಟು ತುಕ್ಕು ಹಿಡಿದು ಓದೋಕೇ ಬರೋದಿಲ್ಲ, ಇಲ್ಲಾ ಆ ಕಂಪನಿ ಬಾಗಿಲು ಹಾಕಿ ಕಾಲವಾಗಿದೆ. "ಹಂಗಾದ್ರೆ ಸಿಗೋದು ಕಷ್ಟ" ಅನ್ನೋ ಉತ್ತರ ಬರ್ತದೆ. ಚೆನ್ನಾಗಿ ಓಡೋ ಮಷಿನ್ನನ್ನ ಗುಜರಿಗೆ ಹಾಕೋ ಮಾತು ಶುರುವಾಗೋದೇ ಇಲ್ಲಿಂದ.

ಆದರೆ ಬೆಲ್ಟಿನ ವಿಷಯದಲ್ಲಿ ಮಷಿನ್ ಯಾರದು, ಎಷ್ಟು ಹಳೇದು ಅನ್ನೋದು ಲೆಕ್ಕಕ್ಕೇ ಬರೋದಿಲ್ಲ. ಗೇರ್ ಹಲ್ಲು ಮುರಿದರೆ ಆ ಕಂಪನಿಯ ಗೇರೇ ಬೇಕು. ಬೆಲ್ಟು ಹಾಗಲ್ಲ. ಅದು ಸೈಕಲ್ ಟೈರ್ ಇದ್ದ ಹಾಗೆ. ಅಳತೆ ಹೇಳಿದರೆ ಯಾವ ಕಂಪನಿಯದೂ ಕೂರ್ತದೆ. ಗಿರಣಿ, ಗಾಣ, ಐಸ್ ಪ್ಲಾಂಟು, ಸಾ ಮಿಲ್ಲು, ಕಲ್ಲು ಕ್ರಷರ್, ಎಲ್ಲದರಲ್ಲೂ ತಿರುಗೋ ಬೆಲ್ಟು ಬಹುತೇಕ ಒಂದೇ ನಾಲ್ಕೈದು ಜಾತಿಯವು. ಅಂಗಡಿಯಲ್ಲಿ ಮಷಿನ್ ಹೆಸರು ಹೇಳೋ ಬದಲು ಒಂದು ಅಕ್ಷರ, ಒಂದು ಸಂಖ್ಯೆ ಹೇಳಿದರೆ ಅರ್ಧ ಕೆಲಸ ಮುಗೀತು.

ಆ ಅಕ್ಷರ, ಆ ಸಂಖ್ಯೆ

ಮೇಲೆ ಅಗಲ, ಕೆಳಗೆ ಸಪೂರ ಇರೋ ಬೆಲ್ಟಿಗೆ ವಿ-ಬೆಲ್ಟ್ ಅಂತಾರೆ. ಪುಲ್ಲಿಯ ಗ್ರೂವಿನೊಳಗೆ ಬೆಣೆ ಹೊಡೆದ ಹಾಗೆ ಕಚ್ಚಿ ಕೂರ್ತದೆ, ಆ ಹಿಡಿತದಿಂದಲೇ ಎಳೀತದೆ. ಇದು ಅಷ್ಟೇನೂ ಪುರಾತನ ಅಲ್ಲ. ರಬ್ಬರಿನ ವಿ-ಬೆಲ್ಟ್ 1917ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಜಾನ್ ಗೇಟ್ಸ್ ಅನ್ನೋರ ಕೈಯಿಂದ ಬಂತು. ಅದಕ್ಕೂ ಮುಂಚೆ ಹಗ್ಗ, ಚರ್ಮದ ಪಟ್ಟಾ.

ಈ ಬೆಲ್ಟಿನ ದಪ್ಪಕ್ಕೆ ಅಕ್ಷರ ಇಟ್ಟಿದ್ದಾರೆ. ಎ ಅಂದರೆ ಮೇಲಿನ ಅಗಲ 13 ಮಿ.ಮೀ, ದಪ್ಪ 8. ಬಿ ಅಂದರೆ 17 ಅಗಲ, 11 ದಪ್ಪ. ಸಿ 22ಕ್ಕೆ 14. ಡಿ 32ಕ್ಕೆ 19. ಅದಕ್ಕಿಂತ ದೊಡ್ಡದು ಇ, 38ಕ್ಕೆ 23, ನಮ್ಮ ಕಡೆ ಅಪರೂಪ. ಮನೆ ಮಗ್ಗುಲಿನ ಹಿಟ್ಟಿನ ಗಿರಣಿಯಲ್ಲಿ ಸಾಮಾನ್ಯವಾಗಿ ಎ ಇಲ್ಲಾ ಬಿ ಇರ್ತದೆ. ಐಸ್ ಪ್ಲಾಂಟಿನ ಕಂಪ್ರೆಸರ್, ಕ್ರಷರ್ ಅಂಥ ಕಡೆ ಸಿ, ಡಿ. ನಮ್ಮ ದೇಶದಲ್ಲಿ ಇದಕ್ಕೆ ಐಎಸ್ 2494 ಅನ್ನೋ ಮಾನಕ ಇದೆ. ಮದುರೈನ ಫೆನ್ನರ್ ಮಾಡಿದ ಬಿ ಬೆಲ್ಟು, ನಾಗಪುರದ ಪಿಕ್ಸ್ ಮಾಡಿದ ಬಿ ಬೆಲ್ಟು ಒಂದೇ ಗ್ರೂವಿಗೆ ಕೂರೋದು ಇದರಿಂದಲೇ.

ಅಕ್ಷರದ ಮುಂದಿನ ಸಂಖ್ಯೆ ಉದ್ದ. ಬಿ-68 ಅಂದರೆ ಬೆಲ್ಟಿನ ಒಳಸುತ್ತು 68 ಇಂಚು. ಹೊರಸುತ್ತು ಅಲ್ಲ, ಒಳಸುತ್ತು. ಇದನ್ನ ಅಂಡರ್‌ಲೈನ್ ಮಾಡಿ ಇಟ್ಕೊಳ್ಳಿ, ಯಾಕೆ ಅಂತ ಮುಂದೆ ಬರ್ತದೆ.

ಈಗಿನ ಕೆಲವು ಬೆಲ್ಟುಗಳ ಮೇಲೆ ಇಂಚಿನ ಬದಲು ಮಿ.ಮೀ ಲೆಕ್ಕ ಇರ್ತದೆ. ಅದೇ ಬಿ-68ರ ಮೇಲೆ 1727 ಅಂತಲೋ 1770 ಅಂತಲೋ ಬರೆದಿರ್ತದೆ. 1727 ಒಳಸುತ್ತು. 1770 ಅನ್ನೋದು ಬೆಲ್ಟಿನೊಳಗಿನ ದಾರದ ಮಟ್ಟದಲ್ಲಿ ಅಳೆದದ್ದು, ಬಿ ಜಾತಿಗೆ ಇವೆರಡರ ನಡುವೆ 43 ಮಿ.ಮೀ ಫರಕು. ಎ ಆದರೆ 36, ಸಿ ಆದರೆ 56. "68 ಇಲ್ಲ, 1770 ಇದೆ" ಅಂತ ಅಂಗಡಿಯವರು ಹೇಳಿದರೆ ಅದು ಒಂದೇ ಬೆಲ್ಟು, ತಗೊಂಡು ಬನ್ನಿ.

ಎರಡು ಕಡೆ ಮಾತ್ರ ಜಾಗ್ರತೆ. ಎಸ್‌ಪಿಎ, ಎಸ್‌ಪಿಬಿ, ಎಸ್‌ಪಿಸಿ ಅಂತ ಬರೆದ ಬೆಲ್ಟುಗಳು ಕಣ್ಣಿಗೆ ಎ, ಬಿ, ಸಿ ಹಾಗೇ ಕಾಣ್ತವೆ. ಆದರೆ ದಪ್ಪ ಜಾಸ್ತಿ. ಬಿ ಬೆಲ್ಟು 11 ಮಿ.ಮೀ ದಪ್ಪ ಆದರೆ ಎಸ್‌ಪಿಬಿ 13. ಹಳೇ ಪುಲ್ಲಿಯ ಗ್ರೂವಿಗೆ ಹಳೇ ಜಾತಿಯೇ ಸರಿ. ಅದೇ ಬಿಎಕ್ಸ್ ಅಂತಿದ್ದು ಒಳಗಡೆ ಹಲ್ಲು ಹಲ್ಲು ಕಂಡರೆ ಹೆದರಬೇಡಿ. ಅದು ಬಿ ಬೆಲ್ಟೇ, ಸಣ್ಣ ಪುಲ್ಲಿ ಮೇಲೆ ಚೆನ್ನಾಗಿ ಬಾಗಲಿ ಅಂತ ಕಚ್ಚು ಹಾಕಿದ್ದು. ಇನ್ನೊಂದು, ಗಾಡಿಯ ಫ್ಯಾನ್ ಬೆಲ್ಟು. ಟ್ರ್ಯಾಕ್ಟರ್, ಜೆಸಿಬಿ ಇಂಜಿನ್ನಿನ ಎವಿ-10, ಎವಿ-13 ಬೆಲ್ಟುಗಳ ಮೇಲೆ ಬರೆಯೋದು ಹೊರಸುತ್ತು, ಅದೂ ಮಿ.ಮೀ ಲೆಕ್ಕದಲ್ಲಿ. ಗಿರಣಿ ಬೆಲ್ಟಿನ ಲೆಕ್ಕ ಅಲ್ಲಿ ನಡೆಯೋದಿಲ್ಲ. ಗದ್ದೆಗೆ ಬಾಡಿಗೆಗೆ ಬರೋ ಕಟಾವು ಮಷಿನ್ನಿನ ಕೆಲವು ಅಗಲ ಬೆಲ್ಟುಗಳೂ ಈ ಲೆಕ್ಕಕ್ಕೆ ಹೊರತು, ಅವಕ್ಕೆ ಪಾರ್ಟ್ ನಂಬರೇ ಬೇಕು.

ಬರಹ ಅಳಿಸಿ ಹೋಗಿದ್ದರೆ

ಹತ್ತು ವರ್ಷ ಓಡಿದ ಬೆಲ್ಟಿನ ಮೇಲೆ ಬರಹ ಉಳಿದಿರೋದು ಪುಣ್ಯ. ಮೊದಲು ಬೆಲ್ಟನ್ನ ಬಿಚ್ಚಿ, ಒಣ ಬಟ್ಟೆಯಲ್ಲಿ ಬೆನ್ನು ಒರೆಸಿ, ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಕೆಲವು ಸಲ ಬಣ್ಣ ಹೋಗಿದ್ದರೂ ಅಚ್ಚಿನ ಗುರುತು ಕಾಣ್ತದೆ. ಕಾಣದಿದ್ದರೆ ಅಳೆಯೋದೇ ದಾರಿ.

ಎಡವಟ್ಟು ಆಗೋದು ಇಲ್ಲೇ. ಹರಿದ ಬೆಲ್ಟನ್ನ ನೆಲದ ಮೇಲೆ ಉದ್ದಕ್ಕೆ ಹಾಸಿ, ಬೆನ್ನಿನ ಮೇಲೆ ಟೇಪು ಹಿಡಿದು, ಬಂದ ಇಂಚನ್ನೇ ಅಂಗಡಿಯಲ್ಲಿ ಹೇಳ್ತಾರೆ. ಬೆನ್ನಿನ ಮೇಲೆ ಅಳೆದದ್ದು ಹೊರಸುತ್ತು. ಬಿ ಬೆಲ್ಟಿನಲ್ಲಿ ಹೊರಸುತ್ತು ಒಳಸುತ್ತಿಗಿಂತ ಸುಮಾರು ಎರಡು ಮುಕ್ಕಾಲು ಇಂಚು ಜಾಸ್ತಿ. ಅದರ ಮೇಲೆ ಹಳೇ ಬೆಲ್ಟು ಎಳೆದು ಎಳೆದು ಉದ್ದ ಆಗಿರ್ತದೆ. ಎರಡೂ ಕೂಡಿ ಬಿ-68 ಬೇಕಾದಲ್ಲಿ ಬಿ-72 ಮನೆಗೆ ಬರ್ತದೆ. ಹಾಕಿದರೆ ಜೋಲಿ. ವಾಪಸ್ ಕೊಡೋಕೆ ಹೋದರೆ ಅಂಗಡಿಯವರು "ಎಣ್ಣೆ ಕೈ ತಾಗಿದೆ, ತಗೊಳ್ಳೋದಿಲ್ಲ" ಅಂತಾರೆ. ಜಗಳ.

ಸರಿಯಾದ ಕ್ರಮ ಅಂದರೆ ಬೆಲ್ಟನ್ನಲ್ಲ, ಮಷಿನ್ನನ್ನ ಅಳೆಯೋದು. ಮೋಟಾರಿನ ಕೆಳಗಿನ ಬೆಡ್ಡಿನಲ್ಲಿ ಹಿಂದೆ ಮುಂದೆ ಸರಿಯೋಕೆ ಗಾಳಿ ಇರ್ತದೆ. ಆ ಜಾಗದ ನಡುವಿಗಿಂತ ಸ್ವಲ್ಪ ಮುಂದೆ, ಅಂದರೆ ಮಷಿನ್ ಕಡೆಗೆ, ಮೋಟಾರನ್ನ ನಿಲ್ಲಿಸಿ. ಮುಂದೆ ಸ್ವಲ್ಪ ಜಾಗ ಇದ್ದರೆ ಬೆಲ್ಟು ಹಾಕೋಕೆ ಸುಲಭ. ಹಿಂದೆ ಜಾಸ್ತಿ ಜಾಗ ಇದ್ದರೆ ಮುಂದೆ ಬಿಗಿ ಮಾಡ್ತಾ ಹೋಗಬಹುದು. ಈಗ ದರ್ಜಿಯವರ ಟೇಪು ತಗೊಂಡು ಎರಡೂ ಪುಲ್ಲಿಯ ಸುತ್ತ, ಗ್ರೂವಿನ ಅಂಚಿನ ಮಟ್ಟದಲ್ಲಿ ಸುತ್ತಿ. ಟೇಪು ಗ್ರೂವಿನ ತಳಕ್ಕೆ ಇಳಿಯಬಾರದು. ಸುತಳಿ ಸುತ್ತಿದರೆ ತಳಕ್ಕೆ ಇಳಿದುಬಿಡ್ತದೆ, ಅದಕ್ಕೇ ಟೇಪು ವಾಸಿ. ಬಂದದ್ದು ಹೊರಸುತ್ತು. ಅದರಲ್ಲಿ ಎ ಆದರೆ 2 ಇಂಚು, ಬಿ ಆದರೆ ಎರಡು ಮುಕ್ಕಾಲು, ಸಿ ಆದರೆ ಮೂರೂವರೆ, ಡಿ ಆದರೆ ನಾಲ್ಕು ಮುಕ್ಕಾಲು ಇಂಚು ಕಳೆಯಿರಿ. ಟೇಪಿನಲ್ಲಿ 71 ಬಂತು, ಬೆಲ್ಟು ಬಿ ಜಾತಿ ಅಂದ್ಕೊಳ್ಳಿ. 71ರಲ್ಲಿ ಎರಡು ಮುಕ್ಕಾಲು ಹೋದರೆ 68 ಕಾಲು. ಬಿ-68 ಕೇಳಿ.

ಅಕ್ಷರ ಯಾವುದು ಅಂತ ತಿಳಿಯೋಕೂ ಗ್ರೂವನ್ನೇ ನೋಡಿ. ಸವೆದ ಬೆಲ್ಟು ಸಪೂರ ಆಗಿರ್ತದೆ. ಅಗಲ 15 ಬಂದರೆ ಅದು ಎ ದೊಡ್ಡದಾಗಿದ್ದಲ್ಲ, ಬಿ ಸವೆದದ್ದು. ರಬ್ಬರು ಸವೆದು ಸಣ್ಣ ಆಗ್ತದೆಯೇ ಹೊರತು ದೊಡ್ಡ ಆಗೋದಿಲ್ಲ. ಹೊಸ ಬೆಲ್ಟು ಗ್ರೂವಿನಲ್ಲಿ ಕೂತಾಗ ಅದರ ಬೆನ್ನು ಪುಲ್ಲಿಯ ಅಂಚಿಗೆ ಸಮ ಇರಬೇಕು, ಇಲ್ಲಾ ಕೂದಲೆಳೆಯಷ್ಟು ಮೇಲೆ. ಒಳಗೆ ಮುಳುಗಿದರೆ ಜಾತಿ ತಪ್ಪಿದೆ, ಇಲ್ಲಾ ಪುಲ್ಲಿ ಸವೆದಿದೆ.

ಅದೇ ನಂಬರ್ ಇಲ್ಲ ಅಂದರೆ

ಕಾರವಾರ, ಅಂಕೋಲಾ ಪೇಟೆಯ ಹಾರ್ಡ್‌ವೇರ್, ಪಂಪ್‌ಸೆಟ್, ಆಟೋ ಪಾರ್ಟ್ಸ್ ಅಂಗಡಿಗಳಲ್ಲಿ ಎ ಮತ್ತು ಬಿ ಜಾತಿಯ ಓಡಾಟದ ನಂಬರುಗಳು ಇರ್ತವೆ. ನಿಮ್ಮದೇ ನಂಬರ್ ಇಲ್ಲದಿದ್ದರೆ ತಕ್ಷಣ ಹುಬ್ಬಳ್ಳಿ ಬಸ್ ಹತ್ತಬೇಕಾಗಿಲ್ಲ. ಒಂದು ಲೆಕ್ಕ ನೆನಪಿಟ್ಕೊಳ್ಳಿ: ಬೆಲ್ಟು 2 ಇಂಚು ಉದ್ದ ಆದರೆ ಮೋಟಾರು ಸುಮಾರು 1 ಇಂಚು ಹಿಂದೆ ಸರಿಯಬೇಕು. ಬೆಡ್ಡಿನಲ್ಲಿ ಅಷ್ಟು ಜಾಗ ಇದ್ದರೆ 68ರ ಬದಲು 69, 70 ಆರಾಮ ನಡೀತದೆ. ಗಿಡ್ಡ ಬೆಲ್ಟಿಗಿಂತ ಉದ್ದದ್ದು ವಾಸಿ, ಯಾಕಂದರೆ ಗಿಡ್ಡದ್ದನ್ನ ಪಾನಾ ಹಾಕಿ, ಸ್ಕ್ರೂಡ್ರೈವರ್ ತೂರಿಸಿ ಎಳೆದು ಕೂರಿಸೋ ಆಸೆ ಬರ್ತದೆ. ಹಾಗೆ ಕೂರಿಸಿದಾಗ ಒಳಗಿನ ದಾರ ಕತ್ತರಿಸಿರ್ತದೆ, ಹೊರಗೆ ಏನೂ ಕಾಣೋದಿಲ್ಲ. ವಾರದಲ್ಲಿ ಬೆಲ್ಟು ಮಗುಚಿ ಬೀಳ್ತದೆ. ದೂರು ಮಾತ್ರ "ಕಂಪನಿ ಮಾಲು ಸರಿ ಇಲ್ಲ" ಅಂತ.

ಉದ್ದದಲ್ಲಿ ಹೊಂದಾಣಿಕೆ ಇದೆ, ಜಾತಿಯಲ್ಲಿ ಇಲ್ಲ. ಬಿ ಗ್ರೂವಿಗೆ ಎ ಬೆಲ್ಟು ಹಾಕಿದರೆ ಅದು ತಳಕ್ಕೆ ಕೂತು ಜಾರ್ತದೆ. ಬೆಣೆಯ ಹಿಡಿತವೇ ಇಲ್ಲ.

ಇನ್ನೊಂದು ಪೇಚಾಟ ಹಳೇ ಮಷಿನ್ನುಗಳಲ್ಲೇ ಜಾಸ್ತಿ. ಪುಲ್ಲಿ ಎರಡು ಬೇರಿಂಗಿನ ನಡುವೆ ಸಿಕ್ಕಿಹಾಕ್ಕೊಂಡಿರ್ತದೆ. ಬೆಲ್ಟು ಗುಂಡಗೆ ಒಂದೇ ತುಂಡು, ಆಚೆಯಿಂದ ಹಾಕೋಕೆ ಶಾಫ್ಟನ್ನೇ ಎತ್ತಬೇಕು, ಪ್ಲಮ್ಮರ್ ಬ್ಲಾಕ್ ಬಿಚ್ಚಬೇಕು. ತುಕ್ಕು ಹಿಡಿದ ಬೋಲ್ಟು ಬಿಚ್ಚೋಕೆ ಹೋದರೆ ಬೋಲ್ಟೇ ಮುರೀತದೆ. ಇಂಥ ಕಡೆಗೆ ಲಿಂಕ್ ಬೆಲ್ಟ್ ಅಂತ ಬರ್ತದೆ. ಸಣ್ಣ ಸಣ್ಣ ತುಂಡುಗಳನ್ನ ಸರಪಳಿ ಹಾಗೆ ಜೋಡಿಸಿದ್ದು, ಬೇಕಾದಷ್ಟು ಉದ್ದ ಕಟ್ಟಿ ಶಾಫ್ಟಿನ ಸುತ್ತ ತಂದು ಕೊಂಡಿ ಹಾಕೋದು. ಬೆಲೆ ಸಾದಾ ಬೆಲ್ಟಿಗಿಂತ ಹೆಚ್ಚು, ಆದರೆ ಶಾಫ್ಟ್ ಬಿಚ್ಚೋ ಕೂಲಿ ಮತ್ತು ಗಿರಣಿ ನಿಂತ ದಿನಗಳನ್ನ ಕೂಡಿಸಿ ನೋಡಿದರೆ ಹೆಚ್ಚು ಅನ್ನಿಸೋದಿಲ್ಲ. ನಮ್ಮ ಪೇಟೆಯಲ್ಲಿ ಕೈಗೆ ಸಿಗೋದು ಕಮ್ಮಿ, ಹೇಳಿ ತರಿಸಬೇಕು. ಶಾಫ್ಟ್ ಹೇಗೂ ಬಿಚ್ಚಬೇಕಾಗಿ ಬಂದರೆ ಒಂದು ಉಪಾಯ: ಬಿಚ್ಚಿದಾಗಲೇ ಅದೇ ಅಳತೆಯ ಇನ್ನೊಂದು ಬೆಲ್ಟನ್ನ ಶಾಫ್ಟಿಗೆ ಹಾಕಿ, ತಿರುಗೋ ಭಾಗಕ್ಕೆ ತಾಗದ ಹಾಗೆ ಪಕ್ಕಕ್ಕೆ ಗಟ್ಟಿಯಾಗಿ ಕಟ್ಟಿಡಿ. ಮುಂದಿನ ಸಲಕ್ಕೆ ಆಯ್ತು.

ಚಪ್ಪಟೆ ಪಟ್ಟಾದ ಗಿರಣಿಗಳು

650 ಸುತ್ತಿನ ಲಿಸ್ಟರ್ ಮಾದರಿಯ ಡೀಸೆಲ್ ಇಂಜಿನ್ನು, ದೊಡ್ಡ ಫ್ಲೈವೀಲು, ಅದರಿಂದ ಉದ್ದಕ್ಕೆ ಚಪ್ಪಟೆ ಪಟ್ಟಾ. "ಟುಕ್ ಟುಕ್" ಸದ್ದಿಗೇ ಗಿರಣಿ ತೆರೆದಿದೆ ಅಂತ ಊರಿಗೆಲ್ಲ ಗೊತ್ತಾಗ್ತಿದ್ದ ಕಾಲ ಅದು. ರಾಜಕೋಟೆಯ ಕಾರ್ಖಾನೆಗಳು ಇಂಥ ಇಂಜಿನ್ನುಗಳನ್ನ ದೇಶ ತುಂಬಾ ಕಳಿಸಿದವು. ಈಗ ಇಂಜಿನ್ನು ಹೋಗಿ ಮೋಟಾರು ಬಂದರೂ ಹಲ್ಲರಿನ ಮೇಲಿನ ಚಪ್ಪಟೆ ಪುಲ್ಲಿ ಹಾಗೇ ಉಳಿದ ಕಡೆ ಇದೆ.

ನಿಜ ಹೇಳಬೇಕಂದರೆ ಚಪ್ಪಟೆ ಪಟ್ಟಾ ಹುಡುಕೋದೇ ಎಲ್ಲಕ್ಕಿಂತ ಸುಲಭ. ಅದಕ್ಕೆ ನಂಬರೇ ಇಲ್ಲ. ಅಗಲ ಎಷ್ಟು ಇಂಚು, ಕ್ಯಾನ್ವಾಸ್ ಎಷ್ಟು ಪದರ, ಉದ್ದ ಎಷ್ಟು, ಈ ಮೂರು ಹೇಳಿದರೆ ಸುರುಳಿಯಿಂದ ಕತ್ತರಿಸಿ ಕೊಡ್ತಾರೆ. 3 ಇಂಚು, 4 ಪದರ ಅನ್ನೋ ಥರ. ಪುಲ್ಲಿಗಳ ಸುತ್ತ ಟೇಪು ಹಿಡಿದು, ಬಂದದ್ದರಲ್ಲಿ ಹತ್ತು ಅಡಿಗೆ ಒಂದು ಇಂಚಿನಷ್ಟು ಕಮ್ಮಿ ಮಾಡಿ ಕತ್ತರಿಸಿ, ಓಡಿದ ಮೇಲೆ ಅದು ಹಿಗ್ಗೇ ಹಿಗ್ತದೆ. ತುದಿಯನ್ನ ಮೂಲೆಮಟ್ಟ ಇಟ್ಟೇ ಕತ್ತರಿಸಬೇಕು. ಸ್ವಲ್ಪ ಓರೆ ಆದರೂ ಪಟ್ಟಾ ಒಂದು ಬದಿಗೆ ಓಡ್ತದೆ. ಜೋಡಿಸೋಕೆ ಕೊಕ್ಕೆ, ಫಾಸ್ಟನರ್ ಸಿಗ್ತದೆ. ತುಂಡು ತಂತಿ ಹಾಕಿ ಹೊಲಿದವರೂ ಇದ್ದಾರೆ, ಆ ತಂತಿ ಕೈ ಸೀಳೋದು ಖಾತ್ರಿ.

ಪಟ್ಟಾ ಜಾರಿದಾಗ ರಾಳದ ಪುಡಿ ಉದುರಿಸೋ ಅಭ್ಯಾಸ ಹಳೇ ಗಿರಣಿಯವರಿಗೆಲ್ಲ ಗೊತ್ತು. ಚಪ್ಪಟೆ ಪಟ್ಟಾಕ್ಕೆ ಆ ಹೊತ್ತಿನ ಮಟ್ಟಿಗೆ ನಡೀತದೆ. ವಿ-ಬೆಲ್ಟಿಗೆ ಮಾತ್ರ ಬೇಡವೇ ಬೇಡ. ರಾಳ ಗ್ರೂವಿನಲ್ಲಿ ಧೂಳು ಹಿಡಿದು ಗಟ್ಟಿಯಾಗ್ತದೆ, ಬೆಲ್ಟಿನ ಮೈ ಕೀಳ್ತದೆ. ವಿ-ಬೆಲ್ಟು ಕೀರ್ ಅಂತ ಕಿರುಚಿದರೆ ಅದು ಬಿಗಿ ಕೇಳ್ತಿದೆ, ಇಲ್ಲಾ ಪುಲ್ಲಿ ನೋಡಿ ಅಂತಿದೆ.

ಚಪ್ಪಟೆ ಪಟ್ಟಾ ಸಾಕಾಯ್ತು, ವಿ-ಬೆಲ್ಟಿಗೆ ಬದಲಾಯಿಸ್ತೀವಿ ಅನ್ನೋರಿಗೆ ಖರ್ಚು ಕಮ್ಮಿಯ ಒಂದು ದಾರಿ ಇದೆ. ದೊಡ್ಡ ಚಪ್ಪಟೆ ಪುಲ್ಲಿಯನ್ನ ಹಾಗೇ ಬಿಡಿ, ಮೋಟಾರಿನ ಸಣ್ಣ ಪುಲ್ಲಿ ಮಾತ್ರ ಗ್ರೂವಿನದು ಹಾಕಿ. ದೊಡ್ಡ ಪುಲ್ಲಿ ಸಣ್ಣದರ ಮೂರು ಪಟ್ಟಿಗಿಂತ ದೊಡ್ಡದಿದ್ದು, ಎರಡೂ ಹತ್ತಿರ ಹತ್ತಿರ ಇದ್ದರೆ ವಿ-ಬೆಲ್ಟು ಚಪ್ಪಟೆ ಮೈ ಮೇಲೂ ಹಿಡಿದು ಓಡ್ತದೆ. ಹಳೇ ಪುಲ್ಲಿಯ ನಡುವಿನ ಉಬ್ಬನ್ನ ಲೇಥಿನಲ್ಲಿ ಸಮ ಮಾಡಿಸಬೇಕಾಗಬಹುದು.

ಪುಲ್ಲಿ ಬದಲಾಯಿಸೋವಾಗ ವೇಗದ ಲೆಕ್ಕ ಮರೀಬೇಡಿ. ಮೋಟಾರು ನಿಮಿಷಕ್ಕೆ 1440 ಸುತ್ತು, ಅದರ ಪುಲ್ಲಿ 5 ಇಂಚು, ಮಷಿನ್ ಪುಲ್ಲಿ 20 ಇಂಚು ಅಂದರೆ ಮಷಿನ್ 360 ಸುತ್ತು ತಿರುಗ್ತದೆ. "5 ಸಿಗಲಿಲ್ಲ, 6 ಹಾಕಿದೆ" ಅಂದರೆ 432 ಆಯ್ತು. ಹಲ್ಲರಿನಲ್ಲಿ ನುಚ್ಚು ಜಾಸ್ತಿ ಬೀಳ್ತದೆ. ಹಿಟ್ಟಿನ ಗಿರಣಿಯ ಕಲ್ಲಾದರೆ ಇನ್ನೂ ಕೆಟ್ಟದ್ದು. ಕಲ್ಲಿಗೆ ತಡೆಯೋ ವೇಗ ಅಂತ ಇದೆ, ಮೀರಿದರೆ ಸಿಡೀತದೆ, ಎದುರಿಗೆ ಡಬ್ಬಿ ಹಿಡಿದು ನಿಂತವರು ಇರ್ತಾರೆ.

ಐಸ್ ಪ್ಲಾಂಟು, ಕ್ರಷರ್: ಒಂದಲ್ಲ, ಸೆಟ್ಟು

ಬೈತಖೋಲ, ಮುದಗಾ, ಬೇಲೇಕೇರಿ ಕಡೆಯ ಬೋಟುಗಳಿಗೆ ಐಸ್ ಇಲ್ಲದೆ ಸಮುದ್ರಕ್ಕೆ ಇಳಿಯೋ ಹಾಗಿಲ್ಲ. ಐಸ್ ಪ್ಲಾಂಟಿನ ಕಂಪ್ರೆಸರ್ ಒಂದು ರಾತ್ರಿ ನಿಂತರೆ ಅದು ಬರೀ ಪ್ಲಾಂಟಿನವರ ನಷ್ಟ ಅಲ್ಲ, ಹಿಡಿದ ಮೀನು ಹಾಳಾಗೋ ಮಾತು. ಇಂಥ ದೊಡ್ಡ ಕಂಪ್ರೆಸರ್ ಮೇಲೆ ನಾಲ್ಕೋ ಆರೋ ಬೆಲ್ಟು ಒಟ್ಟಿಗೆ ಓಡ್ತವೆ. ಕ್ರಷರಿನಲ್ಲೂ ಹಾಗೇ.

ನಾಲ್ಕರಲ್ಲಿ ಒಂದು ಹರಿದಾಗ ಒಂದನ್ನೇ ತಂದು ಹಾಕೋದು ಎಲ್ಲರೂ ಮಾಡೋ ಉಳಿತಾಯ. ಹಳೇ ಮೂರು ಹಿಗ್ಗಿ ಉದ್ದ ಆಗಿವೆ, ಹೊಸದು ಗಿಡ್ಡ. ಭಾರ ಎಲ್ಲ ಹೊಸದರ ಮೇಲೇ ಬೀಳ್ತದೆ, ಹಳೇವು ಸುಮ್ಮನೆ ಜೋಲಾಡ್ತವೆ. ಹೊಸದು ಮೊದಲು ಹರೀತದೆ. ಬದಲಾಯಿಸಿದರೆ ಎಲ್ಲ ಒಟ್ಟಿಗೆ, ಒಂದೇ ಕಂಪನಿಯದು. ಕೊಳ್ಳೋವಾಗ ಬೆಲ್ಟಿನ ಮೇಲೆ ಅಳತೆಯ ಪಕ್ಕ ಇನ್ನೊಂದು ಸಣ್ಣ ಸಂಖ್ಯೆ ಇದೆಯಾ ನೋಡಿ. 50 ಅಂತಿದ್ದರೆ ಬರೆದ ಅಳತೆಗೆ ಸರಿ, 51, 52 ಆದರೆ ತುಸು ಉದ್ದ, 49 ಆದರೆ ತುಸು ಗಿಡ್ಡ. ಸೆಟ್ಟಿನಲ್ಲಿ ಎಲ್ಲದಕ್ಕೂ ಒಂದೇ ಸಂಖ್ಯೆ ಇರಲಿ. ಅಂಗಡಿಯವರು ನಾಲ್ಕು ಡಬ್ಬಿಯಿಂದ ನಾಲ್ಕು ತೆಗೆದು ಕೊಡೋವಾಗ ಇದನ್ನ ಅವರೇ ನೋಡಿ ಕೊಟ್ಟರೆ ಗಿರಾಕಿ ಬೇರೆ ಕಡೆ ಹೋಗೋದಿಲ್ಲ.

ಮೀನುಗಾರಿಕೆ ನಿಷೇಧ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ. ಆಗ ಐಸಿಗೆ ಬೇಡಿಕೆ ಇಳೀತದೆ, ಬೆಲ್ಟು ಕೆಲಸಕ್ಕೆ ಅದಕ್ಕಿಂತ ಒಳ್ಳೆ ಹೊತ್ತಿಲ್ಲ. ಆದರೆ ನಮ್ಮ ಕರಾವಳಿಯ ಒಂದು ಕಾಟ ಇದೆ. ಉಪ್ಪುಗಾಳಿ, ಮಳೆ, ಮಷಿನ್ ನಿಂತಿದೆ. ಎರಡು ತಿಂಗಳಲ್ಲಿ ಎರಕದ ಪುಲ್ಲಿಯ ಗ್ರೂವು ಕೆಂಪಗೆ ತುಕ್ಕು ಹಿಡಿದಿರ್ತದೆ. ಆಗಸ್ಟ್ 1ಕ್ಕೆ ಹಾಗೇ ಸ್ವಿಚ್ ಹಾಕಿದರೆ ತುಕ್ಕು ಮರಳು ಕಾಗದದ ಹಾಗೆ ಬೆಲ್ಟನ್ನ ಉಜ್ಜಿ ತಿಂತದೆ. ನಿಲ್ಲಿಸೋವಾಗ ಬೆಲ್ಟು ಸಡಿಲ ಮಾಡಿ ಇಳಿಸಿಡಿ. ಬಿಗಿಯಲ್ಲೇ ಎರಡು ತಿಂಗಳು ಬಿಟ್ಟರೆ ಪುಲ್ಲಿಯ ಬಾಗು ಬೆಲ್ಟಿಗೆ ಅಂಟಿಬಿಡ್ತದೆ. ಮತ್ತೆ ಶುರು ಮಾಡೋ ಮುಂಚೆ ಗ್ರೂವನ್ನ ತಂತಿ ಬ್ರಷ್‌ನಲ್ಲಿ ತಿಕ್ಕಿ, ಒಣ ಬಟ್ಟೆಯಲ್ಲಿ ಒರೆಸಿ. ಎಣ್ಣೆ, ಗ್ರೀಸು ಹಚ್ಚಿದ್ದರೆ ಪೂರ್ತಿ ತೆಗೀಬೇಕು.

ಹೊಸ ಬೆಲ್ಟು ಮೂರೇ ತಿಂಗಳಿಗೆ ಹೋಗ್ತಿದೆಯಾ?

ಹಾಗಾದರೆ ಬೆಲ್ಟನ್ನ ಬಿಟ್ಟು ಪುಲ್ಲಿ ನೋಡಿ. ಗ್ರೂವಿನ ತಳ ಬೆಳ್ಳಗೆ ಫಳಫಳ ಹೊಳೀತಿದ್ದರೆ ಬೆಲ್ಟು ತಳಕ್ಕೆ ತಾಗ್ತಿದೆ ಅಂತ ಅರ್ಥ. ವಿ-ಬೆಲ್ಟು ಹಿಡಿಯೋದು ಎರಡು ಗೋಡೆಯಲ್ಲಿ, ತಳ ಅದಕ್ಕೆ ತಾಗಲೇಬಾರದು. ಗೋಡೆಗೆ ಒಂದು ಸಣ್ಣ ಸ್ಕೇಲು ನೇರ ಹಿಡಿದು ನೋಡಿ, ನಡುವೆ ಬೆಳಕು ಕಂಡು ಒಂದು ಮಿ.ಮೀ ಹತ್ತಿರ ಹೊಂಡ ಬಿದ್ದಿದ್ದರೆ ಪುಲ್ಲಿಯ ಕಥೆ ಮುಗಿದಿದೆ. ಮೈ ಗಟ್ಟಿ ಇದ್ದರೆ ಲೇಥಿನಲ್ಲಿ ಗ್ರೂವು ತೆಗೆಸಬಹುದು, ಇಲ್ಲದಿದ್ದರೆ ಹೊಸದು. ಕ್ರಷರಿನಲ್ಲಿ ಕಲ್ಲಿನ ಧೂಳು ಈ ಕೆಲಸವನ್ನ ಬೇಗ ಮಾಡಿ ಮುಗಿಸ್ತದೆ.

ಎರಡೂ ಪುಲ್ಲಿ ಒಂದೇ ಗೆರೆಯಲ್ಲಿರಬೇಕು. ಎರಡರ ಮುಖದ ಮೇಲೆ ಒಂದು ದಾರ ಬಿಗಿಯಾಗಿ ಹಿಡಿದರೆ ನಾಲ್ಕು ಕಡೆ ತಾಗಬೇಕು, ಪ್ರತಿ ಪುಲ್ಲಿಗೆ ಎರಡು. ಒಂದು ಕಡೆ ಗಾಳಿ ಕಂಡರೂ ಮೋಟಾರು ಓರೆ ಇದೆ.

ಬಿಗಿ ಎಷ್ಟು? ಎರಡು ಪುಲ್ಲಿಯ ನಡುವೆ ಬೆಲ್ಟಿನ ಬಿಡಿಭಾಗ ಒಂದು ಮೀಟರ್ ಇದ್ದರೆ, ನಡುವಲ್ಲಿ ಒತ್ತಿದಾಗ ಸುಮಾರು 16 ಮಿ.ಮೀ ಇಳೀಬೇಕು. ಅರ್ಧ ಮೀಟರ್ ಆದರೆ 8. ಎ, ಬಿ ಬೆಲ್ಟಿಗೆ ಹೆಬ್ಬೆರಳು ಸಾಕು, ಡಿ ಬೆಲ್ಟಿಗೆ ಸಾಲದು. ವೀಣೆ ತಂತಿ ಹಾಗೆ ಬಿಗಿದರೆ ಬೇರಿಂಗ್ ಹೋಗ್ತದೆ. ಹೊಸ ಬೆಲ್ಟು ಅರ್ಧ ಗಂಟೆ ಓಡಿದ ಮೇಲೆ ಒಮ್ಮೆ, ಮಾರನೇ ದಿನ ಇನ್ನೊಮ್ಮೆ ಬಿಗಿ ಮಾಡಬೇಕು. ಇದನ್ನ ಹೆಚ್ಚಿನವರು ಬಿಟ್ಟೇ ಬಿಡ್ತಾರೆ, ಬೆಲ್ಟು ಜಾರಿ ಕಾದು ಸುಡೋದು ಈ ಮೊದಲ ದಿನಗಳಲ್ಲೇ.

ಇಷ್ಟೆಲ್ಲ ಮಾಡೋವಾಗ ಮೇನ್ ಸ್ವಿಚ್ ಆಫ್ ಮಾಡಿ, ಫ್ಯೂಸ್ ಕಿತ್ತು ನಿಮ್ಮ ಜೇಬಿಗೇ ಹಾಕ್ಕೊಳ್ಳಿ. ಹಲಗೆ ಮೇಲಿಟ್ಟರೆ ಯಾರೋ ಬಂದು ಹಾಕಿಬಿಡ್ತಾರೆ. ಓಡೋ ಪುಲ್ಲಿಗೆ ಕೋಲಿನಿಂದ ಚಪ್ಪಟೆ ಪಟ್ಟಾ ಏರಿಸೋ ಹಳೇ ಚಾಲಾಕಿತನ ಈಗ ಬೇಡ. ಕೆಲಸ ಮುಗಿದ ಮೇಲೆ ಜಾಳಿಗೆಯ ಗಾರ್ಡನ್ನ ವಾಪಸ್ ಹಾಕಿ. "ನಾಳೆ ಮತ್ತೆ ಬಿಗಿ ಮಾಡೋದಿದೆ" ಅಂತ ತೆಗೆದಿಟ್ಟ ಗಾರ್ಡು ಮೂಲೆಯಲ್ಲೇ ಉಳಿದ ಗಿರಣಿಗಳು ಬೇಕಾದಷ್ಟಿವೆ. ಗಿರಣಿಗೆ ಬರೋರು ಸೀರೆ ಸೆರಗು, ವೇಲು, ಲುಂಗಿಯವರು. ಬೆಲ್ಟು ಬಟ್ಟೆ ಹಿಡಿದರೆ ಬಿಡಿಸಿಕೊಳ್ಳೋಕೆ ಹೊತ್ತೇ ಇರೋದಿಲ್ಲ.

ಎಲ್ಲಿಂದ ತರಿಸೋದು, ಯಾವಾಗ ತರಿಸೋದು

ಎ, ಬಿ ಬೆಲ್ಟು ತಾಲೂಕಲ್ಲೇ ಆಗ್ತದೆ. ಸಿ, ಡಿ ಜಾತಿಯ ಉದ್ದನೆಯವು, ಲಿಂಕ್ ಬೆಲ್ಟು, ಅಗಲದ ಚಪ್ಪಟೆ ಪಟ್ಟಾ ಬೇಕಂದರೆ ಹುಬ್ಬಳ್ಳಿಯೇ ನಮಗೆ ದೊಡ್ಡ ಪೇಟೆ. ಕಾರವಾರದವರಿಗೆ ಮಡಗಾಂವ ಹತ್ತಿರ. ಎರಕದ ಪುಲ್ಲಿ ಮಾಡಿಸೋದಿದ್ದರೆ ಬೆಳಗಾವಿಯ ಉದ್ಯಮಬಾಗ ಕಡೆ ಫೌಂಡ್ರಿಗಳಿವೆ. ಹಳೇ ಪುಲ್ಲಿ, ಶಾಫ್ಟಿನ ಅಳತೆ, ಚಾವಿಯ ಗಾಡಿ ಎಷ್ಟು ಅಗಲ, ಎಲ್ಲ ಬರೆದು ಕಳಿಸಬೇಕು. ಅಳತೆ ಸರಿ ಇದ್ದರೆ ಫೋನಿನಲ್ಲೇ ಹೇಳಿ, ಬಸ್ಸಿನ ಪಾರ್ಸೆಲ್‌ನಲ್ಲಿ ತರಿಸಬಹುದು. ಬಿಲ್ಲು ಕೇಳಿ ತಗೊಳ್ಳಿ. ಹೆಸರಾಂತ ಕಂಪನಿಯ ನಕಲಿ ಚೀಟಿ ಅಂಟಿಸಿದ ಮಾಲು ಪೇಟೆಗೆ ಬರ್ತದೆ, ಬಿಲ್ಲಿಲ್ಲದಿದ್ದರೆ ಕೇಳೋರಿಲ್ಲ.

ಮಳೆಗಾಲದಲ್ಲಿ ಇದೆಲ್ಲ ತಲೆಕೆಳಗಾಗ್ತದೆ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು, ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಬಂದ್ ಆಯ್ತು. ಮೂರು ವಾರ ಕಳೆದಿತ್ತು ಅಷ್ಟೇ, ಆಗಸ್ಟ್ 7ರ ಮಧ್ಯರಾತ್ರಿ ಕೋಡಿಬಾಗ–ಸದಾಶಿವಗಡ ನಡುವಿನ ಹಳೇ ಕಾಳಿ ಸೇತುವೆ ಬಿತ್ತು. ಅರಬೈಲ್ ಘಟ್ಟದ ರಸ್ತೆಯೂ ಮಳೆಯಲ್ಲಿ ನಂಬೋ ಹಾಗಿಲ್ಲ. ದಕ್ಷಿಣಕ್ಕೆ ಹೆದ್ದಾರಿ, ಉತ್ತರಕ್ಕೆ ಸೇತುವೆ, ಪೂರ್ವಕ್ಕೆ ಘಟ್ಟ. ನಮಗೆ ಮಾಲು ಬರೋ ಬಾಗಿಲು ಇವೇ ಮೂರು. ಹಾಗಾಗಿ ಒಂದು ಸೆಟ್ಟು ಬೆಲ್ಟು ಮೇ ತಿಂಗಳಲ್ಲೇ ಮನೆಗೆ ಬಂದಿರಬೇಕು. ಅದಕ್ಕೆ ಹೂಡೋ ದುಡ್ಡು ಗಿರಣಿ ನಾಲ್ಕು ದಿನ ನಿಂತ ನಷ್ಟದ ಮುಂದೆ ಏನೂ ಅಲ್ಲ.

ಅಂಗಡಿಯವರಿಗೂ ಇದರಲ್ಲಿ ಕೆಲಸ ಇದೆ. ಒಂದು ನೂರು ಪುಟದ ನೋಟ್‌ಬುಕ್ ಸಾಕು. ಯಾವ ಊರಿನ ಯಾವ ಗಿರಣಿ, ಪ್ಲಾಂಟಿಗೆ ಯಾವ ಅಕ್ಷರ, ಯಾವ ನಂಬರು, ಎಷ್ಟು ಬೆಲ್ಟು ಅಂತ ಮಾರಿದಾಗಲೆಲ್ಲ ಬರೆದಿಡಿ. ಅವರ್ಸಾದಿಂದ, ಹಿಲ್ಲೂರಿನಿಂದ, ಮಲ್ಲಾಪುರದಿಂದ ಫೋನ್ ಬಂದರೆ ಪುಟ ತಿರುವಿ ಹೇಳಬಹುದು. ಯಾವ ನಂಬರು ವರ್ಷಕ್ಕೆ ಎಷ್ಟು ಹೋಗ್ತದೆ ಅಂತ ಗೊತ್ತಾದರೆ ಬೇಡದ ಬೆಲ್ಟು ತಂದು ದುಡ್ಡು ಕಟ್ಟಿಹಾಕೋದೂ ತಪ್ತದೆ. ಗಿರಣಿಯವರು ಅದೇ ನಂಬರನ್ನ ಗಾರ್ಡಿನ ಹೊರಮೈ ಮೇಲೆ ಪೇಂಟಿನಲ್ಲಿ ಬರೆಸಿ.

ತಂದಿಟ್ಟ ಬೆಲ್ಟನ್ನ ಮೊಳೆಗೆ ನೇತು ಹಾಕಬೇಡಿ, ತನ್ನ ಭಾರಕ್ಕೇ ಮೊಳೆಯ ಜಾಗದಲ್ಲಿ ಮುರುಕು ಬೀಳ್ತದೆ. ಸಡಿಲವಾಗಿ ಸುತ್ತಿ, ಬಿಸಿಲು ಬೀಳದ, ಎಣ್ಣೆ ಡಬ್ಬಿ ಇಲ್ಲದ ಒಣ ಕಪಾಟಿನಲ್ಲಿಡಿ. ಮೋಟಾರು, ವೆಲ್ಡಿಂಗ್ ಮಷಿನ್ ಪಕ್ಕ ಬೇಡ, ಅವುಗಳ ಕಿಡಿಯಿಂದ ಹುಟ್ಟೋ ಗಾಳಿ ರಬ್ಬರನ್ನ ಬಿರುಕು ಬಿಡಿಸ್ತದೆ. ಹೀಗಿಟ್ಟರೆ ಐದಾರು ವರ್ಷ ಏನೂ ಆಗೋದಿಲ್ಲ. ಸೆಟ್ಟು ಬದಲಾಯಿಸಿದಾಗ ಇಳಿಸಿದ ಹಳೇವು ಬಿರುಕಿಲ್ಲದೆ ಚೆನ್ನಾಗಿದ್ದರೆ ಬಿಸಾಡಬೇಡಿ. ಒಟ್ಟಿಗೇ ಕಟ್ಟಿ, ನಂಬರು ಮತ್ತು ಇಳಿಸಿದ ತಾರೀಖು ಬರೆದ ಚೀಟಿ ಸಿಕ್ಕಿಸಿಡಿ. ಆಷಾಢದ ಮಳೆಯಲ್ಲಿ ರಸ್ತೆ ಬಂದಾದ ದಿನ ಹೊಸ ಸೆಟ್ಟು ಬರೋವರೆಗೆ ಅರ್ಧ ಲೋಡಿನಲ್ಲಿ ಗಿರಣಿ ಓಡಿಸೋಕೆ ಅದು ಸಾಕಾಗ್ತದೆ.